ಎಲ್‌ಎಲ್‌ಆರ್ (ಕಲಿಕಾ ಲೈಸೆನ್ಸ್) ಪರೀಕ್ಷೆಗೆ ಓದುತ್ತಿರುವವರಿಗೆ: ವೇಗಮಿತಿ ಹೀಗೆ ನೆನಪಿಟ್ಟುಕೊಳ್ಳಿ

ಹಾಸನದಲ್ಲಿ ನಮ್ಮಣ್ಣನ ಮಗಳು ಎಲ್‌ಎಲ್‌ಆರ್‌ಗೆ ಓದುವಾಗ ವೇಗಮಿತಿಯಲ್ಲೇ ಎಡವುತ್ತಿದ್ದಳು. ಕಾರಣ, ಎಲ್ಲ ವಾಹನಕ್ಕೂ ಒಂದೇ ಅಂಕಿ ಅಂದುಕೊಂಡಿದ್ದಳು. ಮೊದಲು ಯಾವ ವಾಹನ, ಆಮೇಲೆ ಯಾವ ರಸ್ತೆ ಅಂತ ಕೇಳಿಕೊಳ್ಳಬೇಕು.

ಕೇಂದ್ರದ 2018ರ ಅಧಿಸೂಚನೆ ಪ್ರಕಾರ ಕಾರಿಗೆ ಎಕ್ಸ್‌ಪ್ರೆಸ್‌ವೇಯಲ್ಲಿ ಗಂಟೆಗೆ 120 ಕಿ.ಮೀ., ನಡುವೆ ಡಿವೈಡರ್ ಇರುವ ನಾಲ್ಕು ಪಥದ ರಸ್ತೆಯಲ್ಲಿ 100, ಊರೊಳಗೆ ಮತ್ತು ಉಳಿದ ರಸ್ತೆಗಳಲ್ಲಿ 70. ಬೈಕಿಗೆ ನಾಲ್ಕು ಪಥದಲ್ಲಿ 80, ಊರೊಳಗೆ 60. ಆಟೋಗೆ 50.

ಆದರೆ ಇವು ಗರಿಷ್ಠ ಮಿತಿ ಅಷ್ಟೇ. ರಾಜ್ಯ ಸರ್ಕಾರ ಇದಕ್ಕಿಂತ ಕಡಿಮೆ ಮಿತಿ ಇಡಬಹುದು, ಆಗ ರಸ್ತೆಬದಿಯ ಬೋರ್ಡಿನಲ್ಲಿರುವುದೇ ಕಾನೂನು. ಬೋರ್ಡನ್ನು ಬಣ್ಣದಿಂದ ಗುರುತಿಸಿ: ಬಿಳಿ ವೃತ್ತಕ್ಕೆ ಕೆಂಪು ಅಂಚು, ಒಳಗೆ ಕಪ್ಪು 40 ಅಂದರೆ ಅದಕ್ಕಿಂತ ಹೆಚ್ಚು ಹೋಗಬೇಡಿ. ನೀಲಿ ವೃತ್ತದಲ್ಲಿ ಬಿಳಿ ಅಂಕಿ ಇದ್ದರೆ ಅದು ಕನಿಷ್ಠ ವೇಗ. ಇವೆರಡನ್ನೂ ಅದಲುಬದಲು ಮಾಡಿಕೊಳ್ಳುವವರು ತುಂಬ ಜನ.

ನಾವು ಬೇಲೂರು ರಸ್ತೆಯಲ್ಲಿ ಚಿಕ್ಕಮಗಳೂರಿಗೆ ಹೋಗುವಾಗ ಅವಳು ಪಕ್ಕದ ಸೀಟಲ್ಲಿ ಕೂತು ಪ್ರತಿ ಬೋರ್ಡನ್ನೂ ಜೋರಾಗಿ ಓದಿ ಅರ್ಥ ಹೇಳಿದಳು. ಪುಸ್ತಕಕ್ಕಿಂತ ಇದೇ ತಲೆಗೆ ಹತ್ತಿತು.

ಚಾರ್ಮಾಡಿ, ಶಿರಾಡಿ ಘಾಟಿಯಂಥ ಕಡೆ ಮಂಜಿದ್ದರೆ ಬೋರ್ಡಿನ ವೇಗವೂ ಜಾಸ್ತಿಯೇ, ದಯವಿಟ್ಟು ಇನ್ನೂ ನಿಧಾನ ಹೋಗಿ. ಘಾಟಿಯಲ್ಲಿ ಏರು ಹತ್ತುವ ಗಾಡಿಗೆ ಮೊದಲು ದಾರಿ ಬಿಡಬೇಕು, ಇದನ್ನೂ ಓದಿಕೊಂಡಿರಿ.