ಕೆಮ್ಮಿನವರ ಬಾಗಿಲು: ಮುಂಡರಗಿಯ ಸಣ್ಣ ಆಸ್ಪತ್ರೆಯಲ್ಲಿ ಕೋವಿಡ್ ಕಾಲ

ಹೆರಿಗೆಗೆ ಬಂದವಳು ಜ್ವರ ಹಿಡಿಸಿಕೊಂಡು ಮನೆಗೆ ಹೋಗಬಾರದು. 2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಘೋಷಣೆಯಾದಾಗ ನಮಗಿದ್ದ ಚಿಂತೆ ಒಂದೇ ಮಾತಿನಲ್ಲಿ ಹೇಳುವುದಾದರೆ ಇಷ್ಟೇ. ಮುಂಡರಗಿಯಲ್ಲಿ ಟ್ರಸ್ಟ್ ಒಂದು ನಡೆಸುವ 30 ಹಾಸಿಗೆಯ ಆಸ್ಪತ್ರೆಯಲ್ಲಿ ನಾನು ನರ್ಸಿಂಗ್ ಮೇಲ್ವಿಚಾರಕಿ. ಕೋವಿಡ್ ಖಚಿತವಾದವರನ್ನು ಸುಮಾರು 40 ಕಿಲೋಮೀಟರ್ ದೂರದ ಗದಗಿನ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಜಿಮ್ಸ್‌ಗೆ ಕಳುಹಿಸುತ್ತಿದ್ದೆವು. ಆದರೆ ಹಾವು ಕಡಿದವರು, ಬಿಪಿ ಏರಿದವರು, ನೋವು ಶುರುವಾದ ಬಸುರಿಯರು, ಹೊಲದಲ್ಲಿ ಔಷಧಿ ಹೊಡೆಯುವಾಗ ತಲೆ ಸುತ್ತಿ ಬಿದ್ದವರು ಮೊದಲಿನಂತೆ ನಮ್ಮಲ್ಲಿಗೇ ಬರುತ್ತಿದ್ದರು. ಅವರಲ್ಲಿ ಯಾರಿಗೆ ಸೋಂಕಿದೆ ಎಂದು ಹೊಸ್ತಿಲಲ್ಲಿ ನಿಂತು ಹೇಳಲು ಸಾಧ್ಯವಿರಲಿಲ್ಲ. ಗಂಟಲ ದ್ರವದ ವರದಿಗೆ ಕಾಯಬೇಕಿತ್ತು. ಅರ್ಧ ಗಂಟೆಯಲ್ಲಿ ಉತ್ತರ ಕೊಡುವ ಆಂಟಿಜೆನ್ ಕಿಟ್ ಕೈಗೆ ಬಂದದ್ದು ಆಮೇಲೆ. ಪರೀಕ್ಷೆಗೆ ಕಾಯುತ್ತ ಹೆರಿಗೆಯಂಥ ತುರ್ತು ಚಿಕಿತ್ಸೆಯನ್ನು ತಡ ಮಾಡಬಾರದು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರ ಮೇ ತಿಂಗಳಲ್ಲಿ ಸ್ಪಷ್ಟವಾಗಿ ಹೇಳಿತು. ಬಂದವರನ್ನೆಲ್ಲ ಒಳಗೆ ಕರೆದುಕೊಳ್ಳಬೇಕು, ಒಬ್ಬರ ಉಸಿರು ಇನ್ನೊಬ್ಬರಿಗೆ ತಾಗಬಾರದು. ಕೆಲಸ ಅದು.

ಮೊದಲು ಮಾಡಿದ್ದು ಬಾಗಿಲುಗಳ ಹಂಚಿಕೆ. ಆಸ್ಪತ್ರೆಯ ಮುಂಬಾಗಿಲು ಒಂದು. ಪೂರ್ವದ ತುದಿಯಲ್ಲಿ ಸ್ಟೋರ್ ರೂಮಿಗೆ ಹೋಗುವ ಇನ್ನೊಂದು ಬಾಗಿಲು ವರ್ಷಗಳಿಂದ ಮುಚ್ಚಿತ್ತು. ಸ್ಟೋರ್ ಖಾಲಿ ಮಾಡಿ ಅದನ್ನು ಜ್ವರ, ಕೆಮ್ಮು, ದಮ್ಮಿನವರಿಗೆ ಬಿಟ್ಟೆವು. ಅಂಗಳದ ಬೇವಿನ ಮರದ ಕೆಳಗೆ ಮೇಜು ಹಾಕಿ ಒಬ್ಬ ಸಿಸ್ಟರ್ ಕೂತರು. ಬಂದವರಿಗೆ ಅಲ್ಲಿಯೇ ಮಾಸ್ಕ್, ಅಲ್ಲಿಯೇ ಪ್ರಶ್ನೆ, ಅಲ್ಲಿಯೇ ಬೆರಳಿಗೆ ರಕ್ತದ ಆಮ್ಲಜನಕದ ಶೇಕಡಾವಾರು ತೋರಿಸುವ ಪಲ್ಸ್ ಆಕ್ಸಿಮೀಟರ್. ಗೋಡೆಯ ಮೇಲೆ ನಮ್ಮ ವಾರ್ಡ್ ಬಾಯ್ ‘ಕೆಮ್ಮಿನವರ ಬಾಗಿಲು’ ಎಂದು ಸುಣ್ಣದಲ್ಲಿ ಬರೆದ. ‘ಪ್ರತ್ಯೇಕ ಜ್ವರ ಚಿಕಿತ್ಸಾಲಯ’ ಎಂಬ ಫ್ಲೆಕ್ಸ್ ಕೂಡ ಬಂದಿತ್ತು, ಅದನ್ನು ಓದಿದವರನ್ನು ನಾನು ನೋಡಲಿಲ್ಲ.

ಆಕ್ಸಿಮೀಟರ್ ಬಗ್ಗೆ ಎರಡು ಮಾತು. ಹೊಲದಲ್ಲಿ ದುಡಿದ ದಪ್ಪ ಚರ್ಮದ ಬೆರಳು, ತಣ್ಣಗಿನ ಬೆರಳು, ಮೆಹಂದಿ ಹಚ್ಚಿದ ಬೆರಳು ಇವುಗಳಲ್ಲಿ ಬರುವ ಅಂಕಿಯನ್ನು ಕಣ್ಣು ಮುಚ್ಚಿ ನಂಬುವಂತಿಲ್ಲ. ಕೈಯನ್ನು ಉಜ್ಜಿ ಬೆಚ್ಚಗೆ ಮಾಡಿ, ಬೆರಳು ಬದಲಿಸಿ, ಅಂಕಿ ಒಂದೆಡೆ ನಿಲ್ಲುವವರೆಗೆ ಕಾಯಬೇಕು. ಇನ್ನೊಂದು, ಕೂತಾಗ 96 ತೋರಿಸಿದವರನ್ನು ಅಂಗಳದಲ್ಲಿ ಆರು ನಿಮಿಷ ನಡೆಸಿ ಮತ್ತೆ ನೋಡುತ್ತಿದ್ದೆವು. ಮೂರು ನಾಲ್ಕು ಅಂಕಿ ಇಳಿದರೆ ಅಥವಾ 94ಕ್ಕಿಂತ ಕೆಳಗೆ ಹೋದರೆ ಮನೆಗೆ ಬಿಡುತ್ತಿರಲಿಲ್ಲ. ನಗುನಗುತ್ತ ಆ ವರ್ಷದ ಶೇಂಗಾ ಬೆಳೆಯ ಕಥೆ ಹೇಳುತ್ತಿದ್ದ ಯಜಮಾನರೊಬ್ಬರ ಬೆರಳಿನಲ್ಲಿ 84 ಕಂಡಿತು. ದಮ್ಮು ಹತ್ತುತ್ತಿದೆಯೇ ಎಂದರೆ ‘ಏನೂ ಇಲ್ಲರೀ ಸಿಸ್ಟರ್, ಸ್ವಲ್ಪ ನಿಶ್ಶಕ್ತಿ’ ಎಂದರು. ಈ ರೋಗದಲ್ಲಿ ರೋಗಿಯ ಬಾಯಿಮಾತು ಸಾಲದು ಎಂದು ನಮ್ಮ ಹುಡುಗಿಯರಿಗೆ ನಾಟಿದ್ದು ಅಂಥವರಿಂದ.

ಆ ಏಪ್ರಿಲ್‌ನಲ್ಲಿ ಊರೂರಿಗೆ ಸೋಂಕು ನಿವಾರಕ ಸುರಂಗಗಳು ಎದ್ದಿದ್ದವು. ನಮಗೂ ಒಂದನ್ನು ಕೊಡಿಸುತ್ತೇನೆಂದು ದಾನಿಯೊಬ್ಬರು ಮುಂದೆ ಬಂದರು. ಮನುಷ್ಯರ ಮೈಮೇಲೆ ರಾಸಾಯನಿಕ ಸಿಂಪಡಿಸಬೇಡಿ, ಅದರಿಂದ ಹಾನಿಯೇ ಹೆಚ್ಚು ಎಂದು ಕೇಂದ್ರ ಆರೋಗ್ಯ ಸಚಿವಾಲಯ ಅದೇ ತಿಂಗಳು ಹೇಳಿದ್ದು ನಮಗೆ ಒಳ್ಳೆಯದೇ ಆಯಿತು. ದಾನಿಯವರ ಮನಸ್ಸು ನೋಯದಂತೆ ಅದೇ ದುಡ್ಡನ್ನು ಎಕ್ಸಾಸ್ಟ್ ಫ್ಯಾನಿಗೆ ತಿರುಗಿಸಿದೆವು. ಫ್ಯಾನಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡರೆ ಚೆನ್ನಾಗಿ ಕಾಣುವುದಿಲ್ಲ ಎಂಬುದು ಅವರ ಕೊರಗು.

ಗಾಳಿಯ ವಿಷಯಕ್ಕೆ ಬರುತ್ತೇನೆ. ಇಡೀ ವ್ಯವಸ್ಥೆಯಲ್ಲಿ ನಾನು ಹೆಚ್ಚು ತಲೆ ಕೆಡಿಸಿಕೊಂಡದ್ದು ಇದಕ್ಕೇ. ವಾರ್ಡಿನಲ್ಲಿ ರೋಗಿಯೊಬ್ಬರಿಗೆ ಸೆಕೆಂಡಿಗೆ 60 ಲೀಟರ್ ಹೊಸ ಗಾಳಿ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದನ್ನು ಅಳೆಯುವ ಯಂತ್ರ ನಮ್ಮಲ್ಲಿ ಇಲ್ಲ. ಊದುಬತ್ತಿ ಇತ್ತು. ಸೀಲಿಂಗ್ ಫ್ಯಾನ್ ನಿಲ್ಲಿಸಿ, ಊದುಬತ್ತಿ ಹಚ್ಚಿ, ಪ್ರತಿ ಹಾಸಿಗೆಯ ತಲೆಯ ಬಳಿ ಹಿಡಿದು ಹೊಗೆ ಯಾವ ಕಡೆ ವಾಲುತ್ತದೆ ಎಂದು ನೋಡುವುದು. ಕಿಟಕಿಯತ್ತ ಸರಸರನೆ ಹೋದರೆ ಸರಿ. ನೆಟ್ಟಗೆ ಮೇಲೇರಿ ಅಲ್ಲೇ ಸುತ್ತಿದರೆ ಆ ಹಾಸಿಗೆ ತೆಗೆಯಬೇಕು. ಹೊಗೆ ಪಕ್ಕದ ಹಾಸಿಗೆಯವರ ಮುಖಕ್ಕೆ ಹೋದರೆ ಹಾಸಿಗೆಯ ದಿಕ್ಕು ಬದಲಿಸಬೇಕು. ಹೀಗೆ ನೋಡುತ್ತ ಹೋದಾಗ ಮೂಲೆಯ ಎರಡು ಹಾಸಿಗೆಗಳ ಬಳಿ ಗಾಳಿಯೇ ಆಡುವುದಿಲ್ಲ ಎಂದು ತಿಳಿಯಿತು. ಕಾರಣ ಕಿಟಕಿಯ ಸೊಳ್ಳೆ ಜಾಳಿಗೆಯಲ್ಲಿ ಕಟ್ಟಿದ್ದ ಧೂಳು. ಜಾಳಿಗೆ ಬಿಚ್ಚಿ ತೊಳೆದ ಮೇಲೆ ಹೊಗೆ ಅಲುಗಾಡಿತು.

ಮುಂಡರಗಿಗೆ ಪಶ್ಚಿಮದಲ್ಲಿ ಕಪ್ಪತಗುಡ್ಡ. ಮುಂಗಾರಿನಲ್ಲಿ ಆ ಕಡೆಯಿಂದ ಬೀಸುವ ಗಾಳಿಯನ್ನು ನಂಬಿಯೇ ಆ ಗುಡ್ಡದ ಮೇಲೆ ಗಾಳಿಯಂತ್ರಗಳ ಸಾಲು ನಿಂತಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೂರ್ವ ತುದಿಯ ಜ್ವರದ ಕೋಣೆ ಹೇಳಿ ಮಾಡಿಸಿದಂತಿತ್ತು: ಗಾಳಿ ಬಾಣಂತಿಯರ ವಾರ್ಡಿನಿಂದ ಹೊರಟು ಜ್ವರದ ಕೋಣೆ ದಾಟಿ ಬಯಲಿಗೆ ಹೋಗುತ್ತಿತ್ತು. ಹಿಂಗಾರಿನ ಹೊತ್ತಿಗೆ ಮೂಡಣ ಗಾಳಿ ಶುರುವಾಗುತ್ತದೆ. ಒಂದು ಬೆಳಿಗ್ಗೆ ಊದುಬತ್ತಿಯ ಹೊಗೆ ಜ್ವರದ ಕೋಣೆಯಿಂದ ಪಡಸಾಲೆಯ ಮೂಲಕ ಬಾಣಂತಿಯರ ಕಡೆ ಬರುತ್ತಿರುವುದು ಕಣ್ಣಿಗೇ ಕಂಡಿತು. ಅಂದೇ ನಡುವಿನ ಬಾಗಿಲು ಮುಚ್ಚಿಸಿ, ಸಂದಿಗಳಿಗೆ ರಟ್ಟು ಬಡಿಸಿ, ಜ್ವರದ ಕೋಣೆಯ ಎಕ್ಸಾಸ್ಟ್ ಫ್ಯಾನನ್ನು ಹಗಲು ರಾತ್ರಿ ಓಡಿಸಿದೆವು. ಆಮೇಲೆ ಋತು ಬದಲಾದಾಗಲೆಲ್ಲ ಊದುಬತ್ತಿಯ ಪರೀಕ್ಷೆ ಮಾಡುತ್ತೇವೆ. ಚಳಿಗಾಲದಲ್ಲಿ ಕಿಟಕಿ ತೆರೆದಿಡಿ ಎಂದರೆ ಬಾಣಂತಿಯ ತಾಯಂದಿರು ನನ್ನ ಮೇಲೆ ಹರಿಹಾಯುತ್ತಿದ್ದರು, ಬಾಣಂತಿಗೆ ಗಾಳಿ ಸೋಕಬಾರದಲ್ಲವೇ. ಕೆಳಗಿನ ಕಿಟಕಿ ಮುಚ್ಚಿ ಮೇಲಿನ ಗವಾಕ್ಷಿ ತೆರೆದಿಡುವುದು ಎಂದು ರಾಜಿಯಾಯಿತು.

ರೋಗಿಯನ್ನು ನೋಡಲು ಬರುವವರದು ಇನ್ನೂ ದೊಡ್ಡ ಸಮಸ್ಯೆ. ನಮ್ಮ ಕಡೆ ಬೀಗರು ಆಸ್ಪತ್ರೆಯಲ್ಲಿದ್ದಾಗ ಹೋಗಿ ನೋಡದಿದ್ದರೆ ಆ ಮಾತು ಮದುವೆ ಮನೆಯಲ್ಲಿ ಮತ್ತೆ ಎದ್ದು ಬರುತ್ತದೆ. ಒಬ್ಬ ರೋಗಿಗೆ ಒಬ್ಬರೇ ಜೊತೆಗಾರರು, ಅವರೂ ಬದಲಾಗಬಾರದು ಎಂದು ನಿಯಮ ಮಾಡಿದೆವು. ಡಂಬಳದ ಕಡೆಯಿಂದ ಬಂದಿದ್ದ ಅಜ್ಜಿಯೊಬ್ಬರು ರೊಟ್ಟಿಯ ಗಂಟು ಹಿಡಿದು ಗೇಟಿನಲ್ಲಿ ಕೂತುಬಿಟ್ಟರು. ‘ಯವ್ವಾ, ಮೊಮ್ಮಗಳ ಮುಖ ನೋಡದೆ ಹೋದರೆ ನಾನೇನು ಅಜ್ಜಿ?’ ಎಂದರು. ಅವರನ್ನು ಅಂಗಳದಿಂದ ಸುತ್ತಿಸಿ ಹೊರಗಿನ ಕಿಟಕಿಯ ಬಳಿ ಕರೆದೊಯ್ದು ಮಗುವನ್ನು ಒಳಗಿನಿಂದ ತೋರಿಸಿದೆವು. ಮರುದಿನದಿಂದ ಅದೇ ಪದ್ಧತಿಯಾಯಿತು. ಸಂಜೆ ಹೊತ್ತು, ಕಿಟಕಿಯಿಂದ ಆರಡಿ ದೂರಕ್ಕೆ ಹಗ್ಗ ಕಟ್ಟಿ, ಸರದಿಯಲ್ಲಿ ಭೇಟಿ. ಬುತ್ತಿಯ ಡಬ್ಬಿಗಳ ಮೇಲೆ ಹೆಸರಿನ ಚೀಟಿ ಅಂಟಿಸಿ ಆಯಾ ಒಳಗೆ ಮುಟ್ಟಿಸುತ್ತಿದ್ದಳು. ಬರಬೇಡಿ ಎಂದು ಬೋರ್ಡ್ ಹಾಕಿದ್ದರೆ ಜನ ಹಿಂಬದಿಯ ಗೋಡೆ ಹಾರುತ್ತಿದ್ದರು. ನೋಡಲು ಜಾಗ ಮಾಡಿಕೊಟ್ಟಿದ್ದರಿಂದ ಯಾರೂ ಹಾರಲಿಲ್ಲ.

ಸೋಂಕು ತಾಗದಂತೆ ಮೈ ಮುಚ್ಚುವ ಪಿಪಿಇ ಕಿಟ್ ಹಾಕಿಕೊಳ್ಳುವುದು ಸುಲಭ, ತೆಗೆಯುವಾಗಲೇ ಸೋಂಕು ತಾಗುವುದು. ಚಾರ್ಟ್ ತೋರಿಸಿ ಹೇಳಿದ ಪಾಠ ನಮ್ಮ ಆಯಾಗಳಿಗೆ ಹತ್ತಲಿಲ್ಲ. ಕುಂಕುಮಕ್ಕೆ ಕೊಬ್ಬರಿ ಎಣ್ಣೆ ಕಲೆಸಿ ಗ್ಲೌಸಿಗೆ ಹಚ್ಚಿದೆ, ಕಿಟ್ ಬಿಚ್ಚಿ ಕನ್ನಡಿ ನೋಡಿಕೊಳ್ಳಿ ಎಂದೆ. ಒಬ್ಬಳ ಕಿವಿಯ ಹಿಂದೆ, ಒಬ್ಬಳ ಗದ್ದದಲ್ಲಿ, ಹಿರಿಯ ಸಿಸ್ಟರ್ ಒಬ್ಬರ ಮೂಗಿನ ತುದಿಯಲ್ಲೇ ಕೆಂಪು. ನಕ್ಕಿದ್ದೇ ನಕ್ಕಿದ್ದು. ಅಂದಿನಿಂದ ಒಬ್ಬರು ಬಿಚ್ಚುವಾಗ ಇನ್ನೊಬ್ಬರು ಎದುರು ನಿಂತು ‘ಗ್ಲೌಸ್ ಮೊದಲು, ಕೈ ತೊಳಿ, ಮಾಸ್ಕ್ ಕೊನೆಗೆ’ ಎಂದು ಕೂಗಿ ಹೇಳುವುದು ರೂಢಿಯಾಯಿತು.

ಆದರೂ ಸಿಬ್ಬಂದಿಗೆ ಸೋಂಕು ತಗುಲುವ ಜಾಗ ವಾರ್ಡಿಗಿಂತ ಹೆಚ್ಚಾಗಿ ಊಟದ ಕೋಣೆ ಎಂಬುದು ನನ್ನ ಅಭಿಪ್ರಾಯ. ವಾರ್ಡಿನಲ್ಲಿ ಎಲ್ಲರೂ ಎಚ್ಚರವಾಗಿರುತ್ತಾರೆ. ಊಟಕ್ಕೆ ಕೂತಾಗ ಮಾಸ್ಕ್ ಕೆಳಗಿಳಿಯುತ್ತದೆ, ಒಬ್ಬರ ಗುರೆಳ್ಳು ಚಟ್ನಿ ಇನ್ನೊಬ್ಬರ ರೊಟ್ಟಿಯ ಮೇಲೆ ಹೋಗುತ್ತದೆ, ಮಾತು ಜೋರಾಗುತ್ತದೆ. ಆ ಕೋಣೆಗೆ ಬೀಗ ಹಾಕಿ ಊಟವನ್ನು ಮಾಳಿಗೆಯ ಮೇಲೆ ತಗಡಿನ ನೆರಳಿಗೆ ಸಾಗಿಸಿದೆ, ಇಬ್ಬಿಬ್ಬರ ಸರದಿಯಲ್ಲಿ. ಡ್ಯೂಟಿಯನ್ನೂ ಎರಡು ತಂಡ ಮಾಡಿದೆವು, ಒಂದು ತಂಡದವರು ಇನ್ನೊಂದು ತಂಡದವರ ಜೊತೆ ಬೆರೆಯದಂತೆ. ಒಬ್ಬರಿಗೆ ಜ್ವರ ಬಂದರೆ ಆಸ್ಪತ್ರೆಯೇ ಮುಚ್ಚುವ ಪರಿಸ್ಥಿತಿ ಬರಬಾರದಲ್ಲ.

ಬ್ಲೀಚಿಂಗ್ ಪೌಡರ್ ವಿಷಯ ಹೆಚ್ಚು ಹೇಳುವುದಿಲ್ಲ. ಶೇಕಡಾ 30ರಷ್ಟು ಕ್ಲೋರಿನ್ ಇರುವ ಪುಡಿಯಾದರೆ ಲೀಟರ್ ನೀರಿಗೆ ಸುಮಾರು 33 ಗ್ರಾಂ ಹಾಕಿದರೆ ಶೇಕಡಾ 1ರ ದ್ರಾವಣ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ ಒಂದು ಸ್ಟೀಲ್ ಬಟ್ಟಲಿಗೆ ಗೆರೆ ಹಾಕಿಟ್ಟೆವು. ದಿನಾ ಹೊಸದಾಗಿ ಕಲೆಸಬೇಕು, ಆ್ಯಸಿಡ್ ಜೊತೆ ಎಂದೂ ಸೇರಿಸಬಾರದು.

2021ರ ಏಪ್ರಿಲ್, ಮೇ ತಿಂಗಳಲ್ಲಿ ಎರಡನೇ ಅಲೆ ಬಂದಾಗ ಈ ಲೆಕ್ಕವೆಲ್ಲ ಸಣ್ಣದಾಯಿತು. ಜಿಮ್ಸ್‌ನಲ್ಲಿ ಹಾಸಿಗೆ ಸಿಗುವವರೆಗೆ ರೋಗಿಗಳನ್ನು ನಾವೇ ಉಳಿಸಿಕೊಳ್ಳಬೇಕಾಯಿತು. ಚಾಮರಾಜನಗರದ ಆಸ್ಪತ್ರೆಯಲ್ಲಿ ಆಮ್ಲಜನಕ ಸಿಗದೆ ರೋಗಿಗಳು ಸತ್ತ ಸುದ್ದಿ ಬಂದ ದಿನ ನಮ್ಮ ಸಿಸ್ಟರ್‌ಗಳು ಊಟ ಮಾಡಲಿಲ್ಲ. ದೊಡ್ಡ ಸಿಲಿಂಡರ್ ಒಂದರಲ್ಲಿ ಸುಮಾರು 7,000 ಲೀಟರ್ ಆಮ್ಲಜನಕ. ನಿಮಿಷಕ್ಕೆ 5 ಲೀಟರ್ ಬಿಟ್ಟರೆ ಸುಮಾರು 23 ಗಂಟೆ, 10 ಬಿಟ್ಟರೆ ಹನ್ನೊಂದೂವರೆ ಗಂಟೆ, 15 ಬಿಟ್ಟರೆ ಎಂಟು ಗಂಟೆಯೂ ಇಲ್ಲ. ಪ್ರತಿ ಸಿಲಿಂಡರ್ ಮೇಲೆ ಸೀಮೆಸುಣ್ಣದಿಂದ ಮೂರು ಸಾಲು ಬರೆಯುತ್ತಿದ್ದೆವು: ಯಾವಾಗ ತೆರೆದದ್ದು, ಎಷ್ಟು ಬಿಟ್ಟದ್ದು, ಯಾವಾಗ ಮುಗಿಯುವುದು. ಹರಿವು ಬದಲಿಸಿದವರು ಮೂರನೆಯ ಸಾಲನ್ನು ಅಳಿಸಿ ಹೊಸದಾಗಿ ಬರೆಯಲೇಬೇಕು. ಮುಗಿಯಲು ಎರಡು ಗಂಟೆ ಉಳಿದಾಗ ತುಂಬಿದ ಸಿಲಿಂಡರ್ ಪಕ್ಕಕ್ಕೆ ಬಂದು ನಿಲ್ಲಬೇಕು. ಜೋಡಣೆಯ ಬಳಿ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡುವುದು, ಸ್ಯಾನಿಟೈಸರ್ ಹಚ್ಚಿದ ಕೈ ಪೂರ್ತಿ ಒಣಗುವ ಮೊದಲು ವಾಲ್ವ್ ಮುಟ್ಟದಿರುವುದು, ಇವೆರಡನ್ನು ಬೈದೇ ಕಲಿಸಿದೆ. ಎಚ್ಚರವಿರುವ ರೋಗಿಗಳನ್ನು ಬೋರಲು ಮಲಗಿಸಿದಾಗ ಕೆಲವರ ಅಂಕಿ 88ರಿಂದ 93ಕ್ಕೆ ಏರಿದ್ದನ್ನು ಕಂಡಿದ್ದೇನೆ. ಆಗ ಹರಿವು ಇಳಿಸಿ ಉಳಿಸಿದ ಆಮ್ಲಜನಕ ಪಕ್ಕದ ಹಾಸಿಗೆಯವರಿಗೆ.

ಕೆಮ್ಮಿನವರ ಬಾಗಿಲು ಈಗಲೂ ತೆರೆದಿದೆ, ಕ್ಷಯದ ಶಂಕೆ ಇರುವವರನ್ನು ಅಲ್ಲಿಂದಲೇ ಕರೆಯುತ್ತೇವೆ. ಆ ಕೋಣೆಯಲ್ಲಿ ಔಷಧಿ ಅಂಗಡಿ ಹಾಕಿದರೆ ಬಾಡಿಗೆ ಬರುತ್ತದೆ, ಬಾಣಂತಿಯರ ವಾರ್ಡಿಗೆ ಎಸಿ ಕೂಡಿಸಬಹುದು ಎಂದು ಟ್ರಸ್ಟ್ ಸಭೆಯಲ್ಲಿ ಮಾತು ಎದ್ದಿದೆ. ಎಸಿ ಬಂದರೆ ಕಿಟಕಿ ಮುಚ್ಚುತ್ತದೆ. ಬೇಡ ಎಂದು ಪತ್ರ ಬರೆದು ಕೊಟ್ಟಿದ್ದೇನೆ. ಮುಂದಿನ ಸಭೆಗೆ ಊದುಬತ್ತಿ ಪೊಟ್ಟಣವನ್ನೂ ತೆಗೆದುಕೊಂಡು ಹೋಗುತ್ತೇನೆ.