ಹಿಮ ಬಿರುಗಾಳಿಗೆ ಕರೆಂಟ್ ಹೋದರೆ ಏನು ಮಾಡಬೇಕು?

ಹಿಮದ ಕಷ್ಟವೆಲ್ಲ ಉತ್ತರದ ಷಿಕಾಗೊ, ಬಫಲೋ ಕಡೆಯವರಿಗೆ ಅಂತ ಅಮೆರಿಕದ ದಕ್ಷಿಣದ ಟೆಕ್ಸಾಸ್‌ನಲ್ಲಿ ತುಂಬಾ ಜನ ಅಂದುಕೊಂಡಿದ್ದರು. 2021ರ ಫೆಬ್ರುವರಿಯಲ್ಲಿ ಡಲ್ಲಾಸ್‌ನಲ್ಲೇ ಮೈನಸ್ 19 ಡಿಗ್ರಿಗೆ ಇಳಿಯಿತು, ರಾಜ್ಯದಲ್ಲಿ 40 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಿಗೆ ಕರೆಂಟ್ ಹೋಯಿತು, ಸರ್ಕಾರದ ಲೆಕ್ಕದಲ್ಲೇ 246 ಜನ ಸತ್ತರು. ಅಮೆರಿಕದಲ್ಲಿ ಮೊದಲ ಚಳಿಗಾಲ ಕಳೆಯುತ್ತಿರುವ ನಮ್ಮ ಮಕ್ಕಳು ಇದನ್ನು ಓದಲೇಬೇಕು.

ಮೊದಲು ನೀರು ನೋಡಿಕೊಳ್ಳಿ. ಮನೆಯ ಮೇನ್ ವಾಲ್ವ್ ಎಲ್ಲಿದೆ ಅಂತ ಇವತ್ತೇ ಹುಡುಕಿಡಿ. ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ, ಪೈಪ್ ಸೀಳುತ್ತದೆ, ಆದರೆ ಸೋರುವುದು ಐಸ್ ಕರಗಿದ ಮೇಲೆ. ಆಗ ವಾಲ್ವ್ ಹುಡುಕುತ್ತಾ ನಿಂತರೆ ಅಷ್ಟರಲ್ಲಿ ಮನೆಯೆಲ್ಲ ನೀರು. ಹೊರಗೋಡೆಗೆ ಅಂಟಿಕೊಂಡ ಸಿಂಕ್ ಕೆಳಗಿನ ಕಪಾಟಿನ ಬಾಗಿಲು ತೆರೆದಿಡಿ, ನಲ್ಲಿಯನ್ನು ನೂಲಿನಷ್ಟು ಸಣ್ಣಗೆ ಬಿಟ್ಟಿರಿ. ಕುಡಿಯುವ ನೀರು ಮೊದಲೇ ತುಂಬಿಡಿ.

ಕರೆಂಟ್ ಹೋದ ತಕ್ಷಣ ಎಲ್ಲರೂ ಒಂದೇ ಕೋಣೆ ಸೇರಿ. ಬಾಗಿಲ ಸಂದಿಗೆ ಟವೆಲ್ ಸುರುಳಿ ತುರುಕಿ, ತಲೆಗೆ ಟೋಪಿ ಹಾಕಿ, ಒಂದು ದಪ್ಪ ಕೋಟಿನ ಬದಲು ತೆಳು ಬಟ್ಟೆ ಮೂರು ನಾಲ್ಕು ಪದರ ಹಾಕಿಕೊಳ್ಳಿ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಇದ್ದಿಲಿನ ಗ್ರಿಲ್, ಕ್ಯಾಂಪಿಂಗ್ ಸ್ಟೌ ಒಳಗೆ ತರಲೇಬೇಡಿ, ಗ್ಯಾರೇಜಿನಲ್ಲಿ ಕಾರು ಸ್ಟಾರ್ಟ್ ಮಾಡಿ ಬೆಚ್ಚಗೆ ಕೂರಬೇಡಿ, ಶಟರ್ ತೆರೆದಿದ್ದರೂ ಬೇಡ. ನಮ್ಮ ಮಲೆನಾಡಿನ ಹೆಂಚಿನ ಮನೆಯಲ್ಲಿ ಅಗ್ಗಿಷ್ಟಿಕೆ ಇಟ್ಟರೂ ಹೊಗೆ, ಗಾಳಿ ಸಂದಿಯಿಂದ ಹೋಗುತ್ತಿತ್ತು, ಅಲ್ಲಿಯ ಮನೆಗಳಲ್ಲಿ ಅಷ್ಟು ಸಂದಿ ಇರುವುದಿಲ್ಲ. ಬೆಂಕಿ, ಎಂಜಿನ್‌ಗಳಿಂದ ಬರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮನೆಯವರಿಗೆಲ್ಲ ಒಟ್ಟಿಗೆ ತಲೆನೋವು, ವಾಕರಿಕೆ ಬಂದರೆ ಫ್ಲೂ ಇರಬೇಕು ಅಂತ ಮಲಗಬೇಡಿ. ಎಷ್ಟೇ ಚಳಿಯಿದ್ದರೂ ಮೊದಲು ಹೊರಗೆ ಬನ್ನಿ, ಅಲ್ಲಿನ ತುರ್ತು ನಂಬರ್ 911ಕ್ಕೆ ಫೋನ್ ಮಾಡಿ. ಜನರೇಟರ್ ಮನೆಯಿಂದ ಕನಿಷ್ಠ 6 ಮೀಟರ್ ದೂರ ಇರಲಿ. ಈ ಅನಿಲ ಪತ್ತೆ ಮಾಡಿ ಎಚ್ಚರಿಸುವ, ಬ್ಯಾಟರಿಯಲ್ಲಿ ನಡೆಯುವ ಡಿಟೆಕ್ಟರ್ ಒಂದು ಈಗಲೇ ತಂದಿಡಿ, ದುಬಾರಿಯೇನಲ್ಲ.

ಇನ್ನು ಕಾರು. 2022ರ ಕ್ರಿಸ್‌ಮಸ್ ಹೊತ್ತಿಗೆ ಬಫಲೋದಲ್ಲಿ ಸುಮಾರು 130 ಸೆಂಟಿಮೀಟರ್ ಹಿಮ ಬಿತ್ತು. ಹೆಪ್ಪುಗಟ್ಟದ ಈರಿ ಸರೋವರದ ಮೇಲೆ ಕೊರೆಯುವ ಗಾಳಿ ಬೀಸಿ, ನೀರಿನ ತೇವವನ್ನೆಲ್ಲ ಹೊತ್ತು ತಂದು ಊರ ಮೇಲೆ ಸುರಿಯಿತು. ಕಾರುಗಳು ದಾರಿಯಲ್ಲೇ ಹೂತವು, ಒಳಗಿದ್ದ ಕೆಲವರು ಬದುಕಲಿಲ್ಲ. ಹಾಗಾಗಿ ಓಡಾಡಬೇಡಿ ಅಂತ ಆದೇಶ ಬಂದರೆ ಸುಮ್ನೆ ಮನೆಯಲ್ಲಿರಿ. ಸಿಕ್ಕಿಬಿದ್ದರೆ ಕಾರು ಬಿಟ್ಟು ನಡೆಯಬೇಡಿ, ಆ ಬಿಳಿ ಗಾಳಿಯಲ್ಲಿ ಎದುರಿನ ಮನೆಯೂ ಕಾಣುವುದಿಲ್ಲ. ಸೈಲೆನ್ಸರ್ ಪೈಪ್ ಸುತ್ತಲಿನ ಹಿಮ ತೆಗೆದ ಮೇಲೆಯೇ ಎಂಜಿನ್ ಹಾಕಿ, ಗಂಟೆಗೆ 10 ನಿಮಿಷ ಸಾಕು, ಆಗ ಕಿಟಕಿ ಒಂದಿಷ್ಟು ಇಳಿಸಿರಿ.

ಬೆರಳು ಮರಗಟ್ಟಿ ಬೆಳ್ಳಗಾದರೆ ಉಜ್ಜಬೇಡಿ, ಉಗುರುಬೆಚ್ಚಗಿನ ನೀರಲ್ಲಿ ಇಡಿ. ನಡುಗುತ್ತಿದ್ದವರು ಬಿಸಿ ತಾಗದೆಯೇ ನಡುಗುವುದು ನಿಲ್ಲಿಸಿ, ಮಾತು ತೊದಲಿದರೆ ಕಾಯುವಂತಿಲ್ಲ, 911ಕ್ಕೆ ಕರೆ ಮಾಡಿ.