ನಲ್ಲಿ ಎಲ್ಲಿಡಬೇಕು?

ನಾನು ಪ್ಲಂಬರ್. ಊರು ಚಿತ್ರದುರ್ಗ. ಹನ್ನೊಂದು ವರ್ಷ ಬೆಂಗಳೂರಲ್ಲಿ ಕೆಲಸ ಮಾಡಿ 2024ರ ಬೇಸಿಗೆ ಮುಗಿದ ಮೇಲೆ ವಾಪಸ್ ಬಂದೆ. ಇಲ್ಲಿ ಎಂಟು ಮನೆಯ ಬಾಡಿಗೆ ವಠಾರಕ್ಕೆ ಮಳೆ ನೀರು ಹಿಡಿಯುವ ವ್ಯವಸ್ಥೆ ಮಾಡಿದ್ದನ್ನು ಬರೆಯುತ್ತಿದ್ದೇನೆ. ಆದರೆ ಬೆಂಗಳೂರಲ್ಲಿ ನನ್ನಿಂದ ಕೆಟ್ಟ ಒಂದು ಕೆಲಸದಿಂದಲೇ ಇದನ್ನು ಕಲಿತಿದ್ದು, ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

2007ರಲ್ಲಿ ಬೆಂಗಳೂರಿಗೆ 110 ಹಳ್ಳಿ ಸೇರಿಸಿದರು. ಆ ಹಳ್ಳಿಗಳಿಗೆಂದು ಮಾಡಿದ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆ ಆಗಿದ್ದು 2024ರ ಅಕ್ಟೋಬರಲ್ಲಿ. ನಡುವಿನ ಹದಿನೇಳು ವರ್ಷದಲ್ಲಿ ಅಲ್ಲಿ ಅಪಾರ್ಟ್‌ಮೆಂಟ್ ಎದ್ದವು, ಕಂಪನಿಗಳು ಬಂದವು, ಗಾರೆ ಕೆಲಸಕ್ಕೆ ಮನೆಗೆಲಸಕ್ಕೆ ಅಂತ ನಮ್ಮ ಕಡೆಯಿಂದ, ರಾಯಚೂರು ಕಡೆಯಿಂದ ಜನ ಹೋಗಿ ಶೀಟಿನ ಮನೆಗಳಲ್ಲಿ ಬಾಡಿಗೆಗೆ ಸೇರಿಕೊಂಡರು. ಹೆಚ್ಚಿನವರಿಗೆ ಬೋರ್‌ವೆಲ್ ಇಲ್ಲಾ ಟ್ಯಾಂಕರ್. ನಾನಿದ್ದದ್ದೂ ಆ ಕಡೆಗೇ.

2024ರ ಮಾರ್ಚಲ್ಲಿ ಬೋರ್‌ಗಳು ಸಾಲಾಗಿ ಬತ್ತಿದವು. ಆಗ ಟ್ಯಾಂಕರಿಗೆ ದರ ನಿಗದಿ ಮಾಡಿದರು, 5 ಕಿ.ಮೀ. ಒಳಗೆ 12,000 ಲೀಟರಿಗೆ 1,000 ರೂಪಾಯಿ. ಆ ಲೆಕ್ಕದಲ್ಲಿ ಅಪಾರ್ಟ್‌ಮೆಂಟಿನವರಿಗೆ ಸಾವಿರ ಲೀಟರಿಗೆ 83 ರೂಪಾಯಿ ಬೀಳುತ್ತದೆ. ಕಾವೇರಿ ನಲ್ಲಿ ಇದ್ದ ಹಳೇ ಬಡಾವಣೆಯವರಿಗೆ ಆಗ ಮೊದಲ 8,000 ಲೀಟರ್‌ವರೆಗೆ ಸಾವಿರಕ್ಕೆ ಬರೀ 7 ರೂಪಾಯಿ. ಶೀಟಿನ ಮನೆಯವರಿಗೆ ಟ್ಯಾಂಕರ್ ಪೂರ್ತಿ ಇಳಿಸಿಕೊಳ್ಳಲು ಸಂಪೇ ಇರಲಿಲ್ಲ, ಡ್ರಮ್ಮಿನ ಲೆಕ್ಕದಲ್ಲಿ ಕೊಳ್ಳಬೇಕು. ನಾನು ನೋಡಿದ ಕಡೆ 200 ಲೀಟರ್ ಡ್ರಮ್ಮಿಗೆ 80 ರೂಪಾಯಿ, ಅಂದರೆ ಸಾವಿರಕ್ಕೆ 400. ಮನೆಗೆಲಸಕ್ಕೆ ಹೋಗುವ ಅಕ್ಕಂದಿರು ತಾವು ಪಾತ್ರೆ ತೊಳೆಯುವ ಮನೆಯವರಿಗಿಂತ ಐದು ಪಟ್ಟು ದುಡ್ಡು ಕೊಟ್ಟು ನೀರು ಕೊಳ್ಳುತ್ತಿದ್ದರು. ಇದನ್ನು ಕಣ್ಣಾರೆ ನೋಡಿದ ಮೇಲೆ ನನಗೆ ಸುಮ್ನೆ ಇರಲು ಆಗಲಿಲ್ಲ.

ಮಳೆ ನೀರಿನ ಕೆಲಸ ನನಗೆ ಚೆನ್ನಾಗಿ ಗೊತ್ತಿತ್ತು. 2009ರಿಂದ ಬೆಂಗಳೂರಲ್ಲಿ ಅದು ಕಡ್ಡಾಯ. ಆದರೆ ಆ ನಿಯಮ ಹೊಸ ಮನೆಯಾದರೆ 30x40, ಹಳೆಯದಾದರೆ 60x40 ಸೈಟಿನಿಂದ ಮೇಲಕ್ಕೆ. 20x30ರಲ್ಲಿ ಇರುವವರು ಅದರ ಲೆಕ್ಕಕ್ಕೇ ಬರಲ್ಲ. ಬಾಡಿಗೆಯವರಿಗಂತೂ ತಾರಸಿಯೇ ತಮ್ಮದಲ್ಲ. ಹಾಗಾಗಿ ಒಂದು ವಠಾರದ ಓನರನ್ನು ಒಪ್ಪಿಸಿ ನಾನೇ ಪೈಪು ಹಾಕಿ ಟ್ಯಾಂಕ್ ಕೂರಿಸಿದೆ. ನಲ್ಲಿಯನ್ನು ಅವರ ಗೇಟಿನ ಒಳಗೆ ಇಟ್ಟೆ, ಪೈಪಿನ ಖರ್ಚು ಉಳಿಯುತ್ತದೆ ಅಂತ. ಮೂರು ತಿಂಗಳು ಬಿಟ್ಟು ಹೋದರೆ ಗೇಟಿಗೆ ಬೀಗ. ಮಳೆ ನೀರು ಗಿಡಕ್ಕೆ, ಕಾರು ತೊಳೆಯಲಿಕ್ಕೆ ಹೋಗುತ್ತಿತ್ತು. ವಠಾರದವರ ಡ್ರಮ್ಮು ಮತ್ತೆ ರಸ್ತೆ ಮೇಲೆ ನಿಂತಿದ್ದವು. ಪೈಪು, ಫಿಲ್ಟರ್ ಯಾವುದರಲ್ಲೂ ತಪ್ಪಿರಲಿಲ್ಲ. ನಾನು ನಲ್ಲಿ ಇಟ್ಟ ಜಾಗ ತಪ್ಪು.

ಊರಿಗೆ ಬಂದ ಮೇಲೆ ಇದೇ ಕೆಲಸ ಮತ್ತೆ ಹಿಡಿದೆ. ನಮ್ಮ ಪಟ್ಟಣಕ್ಕೆ ಸೂಳೆಕೆರೆಯಿಂದ, ವಾಣಿವಿಲಾಸ ಸಾಗರದಿಂದ ನೀರು ಬರುತ್ತದೆ, ಆದರೆ ದಿನಾ ಬರಲ್ಲ. ಬೋರ್ ನೀರಲ್ಲಿ ಫ್ಲೋರೈಡ್. ಎಷ್ಟು ಕಾಯಿಸಿದರೂ ಫ್ಲೋರೈಡ್ ಹೋಗಲ್ಲ, ಇದು ತುಂಬ ಜನಕ್ಕೆ ಗೊತ್ತಿಲ್ಲ. ಮಳೆ ನೀರಲ್ಲಿ ಆ ತೊಂದರೆ ಇಲ್ಲ.

ವಠಾರದ ಯಜಮಾನರ ಹತ್ತಿರ ನಾಲ್ಕು ಸಲ ಹೋಗಿ ಕೂತೆ. "ನಾಳೆ ಇವರು ನೀರು ನಮ್ದು ಅಂತಾರಲ್ಲ ತಮ್ಮ" ಅಂದರು. ಅವರ ಅಂಜಿಕೆಯೂ ನಿಜವೇ. ಕೊನೆಗೆ ಒಂದು ಹಾಳೆಯಲ್ಲಿ ಬರೆದುಕೊಂಡೆವು. 2,000 ಲೀಟರಿನ ಎರಡು ಟ್ಯಾಂಕ್ ಯಜಮಾನರದ್ದು. ಪೈಪು, ಡ್ರಮ್ಮು, ಫಿಲ್ಟರ್ ಖರ್ಚು 9,600 ರೂಪಾಯಿ ಆಯಿತು, ಮನೆಗೆ 1,200ರಂತೆ ಬಾಡಿಗೆಯವರು ಹಾಕಿದರು. ಕೂಲಿ ನನ್ನದು. ಇದರ ನೆಪದಲ್ಲಿ ಎರಡು ವರ್ಷ ಬಾಡಿಗೆ ಏರಿಸಬಾರದು ಅಂತಲೂ ಬರೆಸಿದೆ. ಈ ಮಾತು ಬರೆಸದೇ ಯಾರೂ ಕೆಲಸ ಶುರು ಮಾಡಬೇಡಿ, ಅನುಕೂಲ ಆದ ಕೂಡಲೇ ಬಾಡಿಗೆ ಜಾಸ್ತಿಯಾಗಿ ಇದ್ದವರೇ ಮನೆ ಬಿಡಬೇಕಾಗುತ್ತದೆ.

ಲೆಕ್ಕ ಸುಲಭ. ಒಂದು ಚದರ ಮೀಟರ್ ಚಾವಣಿ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಮ್ಮ ವಠಾರದ ಜಿಂಕ್ ಶೀಟ್ 110 ಚದರ ಮೀಟರ್. 10 ಮಿ.ಮೀ. ಮಳೆಗೆ 1,100 ಲೀಟರ್, ಸೋರಿದ್ದು ಸಿಡಿದಿದ್ದು ಕಳೆದರೆ ಒಂಬೈನೂರಕ್ಕೆ ಮೋಸ ಇಲ್ಲ. ಕಲ್ನಾರಿನ ಶೀಟ್ ಆಗಿದ್ದರೆ ಕುಡಿಯಲು ಕೊಡುತ್ತಿರಲಿಲ್ಲ. ಮೊದಲು ಬೀಳುವ ನೀರಲ್ಲಿ ಧೂಳು, ಹಕ್ಕಿ ಹಿಕ್ಕೆ ಇರುತ್ತದೆ, ಅದು ಟ್ಯಾಂಕಿಗೆ ಹೋಗಬಾರದು. ಅದಕ್ಕೆ ಪೈಪಿನ ನಡುವೆ ಟೀ, ಅಂದರೆ ಮೂರು ಬಾಯಿಯ ಜೋಡಣೆ ಹಾಕಿ 200 ಲೀಟರಿನ ಮುಚ್ಚಿದ ಡ್ರಮ್ಮಿಗೆ ಇಳಿಸಿದೆ. ಅದು ತುಂಬಿದ ಮೇಲೆ ನೀರು ತಾನೇ ಫಿಲ್ಟರ್ ಕಡೆ ತಿರುಗುತ್ತದೆ. ಡ್ರಮ್ಮಿನ ತಳದಲ್ಲಿ ದಬ್ಬಳದಿಂದ ಸಣ್ಣ ತೂತು ಮಾಡಿದ್ದೇನೆ. ಹನಿಹನಿಯಾಗಿ ಖಾಲಿಯಾಗಿ ಮುಂದಿನ ಮಳೆಗೆ ರೆಡಿ ಇರುತ್ತದೆ, ಯಾರೂ ನೆನಪಿಟ್ಟು ತಿರುಗಿಸಬೇಕಿಲ್ಲ. ಫಿಲ್ಟರ್ ಅಂದರೆ ಕೆಳಗೆ ಜಲ್ಲಿ, ನಡುವೆ ಇದ್ದಿಲು, ಮೇಲೆ ತೊಳೆದ ಮರಳು. ಟ್ಯಾಂಕಿನ ಬಾಯಿಗೆ ಸೊಳ್ಳೆ ಪರದೆ. ನೀರು ಪರೀಕ್ಷೆ ಮಾಡುವ ಚಿಕ್ಕ ಬಾಟಲಿ ಸಿಗುತ್ತದೆ, ನೀರು ತುಂಬಿಟ್ಟು ಒಂದೆರಡು ದಿನದಲ್ಲಿ ಕಪ್ಪಾದರೆ ಕುಡಿಯಬಾರದು. ನಮ್ಮದು ಒಮ್ಮೆ ಕಪ್ಪಾಯಿತು. ಮರಳು ತೆಗೆದು ಬಿಸಿಲಿಗೆ ಹಾಕಿ, ಟ್ಯಾಂಕ್ ತೊಳೆದು ಮತ್ತೆ ಕೂಡಿಸಿದೆ. ಈಗಲೂ ಕಾಯಿಸಿಯೇ ಕುಡಿಯಿರಿ ಅಂತ ಹೇಳುತ್ತೇನೆ.

ನಲ್ಲಿಯನ್ನು ಈ ಸಲ ವಠಾರದ ಓಣಿಯಲ್ಲಿ, ಎಂಟೂ ಬಾಗಿಲಿಗೆ ಕಾಣುವ ಹಾಗೆ ಇಟ್ಟೆ. ಬೀಗದ ಕೈ ಇಬ್ಬರು ಹೆಂಗಸರ ಹತ್ತಿರ, ಒಬ್ಬರು ಬೀಡಿ ಕಟ್ಟುವ ಅಜ್ಜಿ, ಯಾವಾಗಲೂ ಮನೆಯಲ್ಲೇ ಇರುತ್ತಾರೆ. ಕುಡಿಯಲು, ಅಡಿಗೆಗೆ ಅಂತ ದಿನಕ್ಕೆ ಮನೆಗೆ ನಾಲ್ಕು ಕೊಡ. ಎಂಟು ಮನೆಗೆ 480 ಲೀಟರ್, ಟ್ಯಾಂಕ್ ತುಂಬಿದ್ದರೆ ಎಂಟು ದಿನ. ಒಂದು ದಿನ ಯಜಮಾನರ ಮಗ ಸ್ಕೂಟರ್ ತೊಳೆಯಲು ಬಂದಾಗ ಅಜ್ಜಿ ಬೀಗದ ಕೈ ಕೊಡಲಿಲ್ಲ. ಅವನೂ ಜಗಳ ಮಾಡದೆ ಹೋದ.

ತುಂಬಿ ಚೆಲ್ಲುವ ನೀರನ್ನು ಚರಂಡಿಗೆ ಬಿಡಲು ಮನಸ್ಸಾಗಲಿಲ್ಲ. ನಮ್ಮ ಕೋಟೆಯಲ್ಲಿ ಮೇಲಿನ ಹೊಂಡ ತುಂಬಿದರೆ ನೀರು ಕೆಳಗಿನ ಹೊಂಡಕ್ಕೆ ಇಳಿಯುವ ಹಾಗೆ ಕಟ್ಟಿದ್ದಾರೆ, ಚಿಕ್ಕಂದಿನಿಂದ ನೋಡಿದ್ದೇ ಅಲ್ವಾ. ಹಾಗೆ ಒಂದು ಪೈಪನ್ನು ಕೆಳಗಿನ ವಠಾರದ ಕಡೆ ಇಳಿಸಿ ಬಿಟ್ಟಿದ್ದೇನೆ. ಸದ್ಯಕ್ಕೆ ಅಲ್ಲಿ ಒಂದು ಡ್ರಮ್ಮಷ್ಟೇ ಇದೆ. ಬೇಸಿಗೆಗೆ ಇದು ಯಾವುದೂ ಸಾಲದು, ಫೆಬ್ರವರಿ ಹೊತ್ತಿಗೆ ಟ್ಯಾಂಕ್ ಒಣಗಿತ್ತು. ಹಸ್ತ, ಚಿತ್ತೆ ಮಳೆಗೆ ಮುಂಚೆ ಕೆಳಗಿನವರಿಗೂ ಟ್ಯಾಂಕ್ ಕೂರಿಸಬೇಕು. ಅಲ್ಲಿನ ಓನರ್ ಒಪ್ಪಿದ್ದಾರೆ, ನಲ್ಲಿ ಮಾತ್ರ ತಮ್ಮ ಕಾಂಪೌಂಡ್ ಒಳಗೇ ಇರಲಿ ಅನ್ನುತ್ತಿದ್ದಾರೆ. ಭಾನುವಾರ ಮತ್ತೆ ಹೋಗಿ ಕೂರುತ್ತೇನೆ.